ಸೇವಾ ಸಂಸ್ಥೆಗಳಲ್ಲಿ ಜೀತ ಮತ್ತು ಮಾನವ ಕಳ್ಳಸಾಗಣೆ: ಗ್ರಾಮ ಪಂಚಾಯತಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು



ಕಾಮಗಾರಿಗೆಂದು ಬರುವ ಗುತ್ತಿಗೆದಾರನನ್ನು ನಾವು ಹತ್ತಾರು ಪ್ರಶ್ನೆ ಕೇಳುತ್ತೇವೆ. ಅಳತೆ ಪುಸ್ತಕ ನೋಡದೆ ಬಿಲ್ಲಿಗೆ ಸಹಿ ಬೀಳುವುದಿಲ್ಲ. ಆದರೆ ಅನಾಥ ಮಕ್ಕಳಿಗೆ ವಸತಿ, ಯುವತಿಯರಿಗೆ ಹೊಲಿಗೆ ತರಬೇತಿ, ವೃದ್ಧರಿಗೆ ಆಶ್ರಯ ಎಂದು ಟ್ರಸ್ಟೊಂದು ಬಂದಾಗ ಸಭಾಭವನ ಬಿಟ್ಟುಕೊಡುತ್ತೇವೆ, ಬಡ ಕುಟುಂಬಗಳ ಪಟ್ಟಿಯನ್ನೂ ಕೈಗಿಡುತ್ತೇವೆ. ಪುಣ್ಯದ ಕೆಲಸ ಮಾಡುವವರನ್ನು ಪ್ರಶ್ನಿಸುವುದು ಅಗೌರವವೆಂಬ ಸಂಕೋಚವೇ ಇದಕ್ಕೆ ಕಾರಣ. ಸೇವೆಯ ಹೆಸರು ಯಾವ ಸಂಸ್ಥೆಗೂ ಕಾನೂನಿನಿಂದ ವಿನಾಯಿತಿ ಕೊಡುವುದಿಲ್ಲ ಎಂಬುದನ್ನು ವಿವರಿಸಲು ಈ ಲೇಖನ.

ಗುಲಾಮಗಿರಿ ನಮ್ಮ ಜಿಲ್ಲೆಗೆ ಅಪರಿಚಿತ ಪದವಲ್ಲ. ಕಲಘಟಗಿ ತಾಲ್ಲೂಕಿನ ಕಾಡಂಚಿನಲ್ಲಿರುವ ಸಿದ್ದಿ ಬಾಂಧವರ ಪೂರ್ವಜರಲ್ಲಿ ಅನೇಕರು, ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದು ದುಡಿಸಿಕೊಂಡವರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಧಾರವಾಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2020ರಲ್ಲಷ್ಟೇ. ಅಂದಿನ ಸರಪಳಿ ಇಂದು ಇಲ್ಲ. ಅದರ ಜಾಗದಲ್ಲಿ ಮುಂಗಡ ಹಣ, ಕಸಿದಿಟ್ಟುಕೊಂಡ ಆಧಾರ್ ಕಾರ್ಡು, ತಿಂಗಳುಗಟ್ಟಲೆ ತಡೆಹಿಡಿದ ಕೂಲಿ ಇವೆ.

ಸಂವಿಧಾನದ 23ನೇ ಅನುಚ್ಛೇದವು ಮಾನವ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. 1976ರ ಜೀತ ಪದ್ಧತಿ (ರದ್ದತಿ) ಕಾಯ್ದೆಯ ಪ್ರಕಾರ ಜೀತಕ್ಕೆ ಕಾರಣವಾದ ಸಾಲವೇ ರದ್ದಾಗುತ್ತದೆ. ಅದನ್ನು ವಸೂಲು ಮಾಡುವುದು ಅಪರಾಧ. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಒಂದು ಮುಖ್ಯ ಮಾತು ಹೇಳಿತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ. ಹಸಿವು ಮತ್ತು ಬಡತನವೂ ಒಂದು ಬಲವಂತ ಎಂಬುದು ಇದರ ತಿರುಳು. ‘ಅವರೇ ಒಪ್ಪಿ ಬಂದಿದ್ದಾರೆ’ ಎಂಬ ಸಮರ್ಥನೆಯನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಇದಕ್ಕೆ ನೇರ ಉತ್ತರ ಕೊಡುತ್ತದೆ. ಶೋಷಣೆಯ ಉದ್ದೇಶದಿಂದ, ವಂಚನೆ, ಬೆದರಿಕೆ ಅಥವಾ ಆಮಿಷದ ಮೂಲಕ ವ್ಯಕ್ತಿಯನ್ನು ನೇಮಿಸಿಕೊಂಡರೆ, ಸಾಗಿಸಿದರೆ, ಇರಿಸಿಕೊಂಡರೆ ಅದು ಕಳ್ಳಸಾಗಣೆ. ಅಲ್ಲಿ ಬಲಿಪಶುವಿನ ಒಪ್ಪಿಗೆ ಗಣನೆಗೆ ಬಾರದು. ಶಿಕ್ಷೆ ಕನಿಷ್ಠ 7 ವರ್ಷ. ಮಗುವಾಗಿದ್ದರೆ ಕನಿಷ್ಠ 10 ವರ್ಷ.

ಸೇವಾ ಸಂಸ್ಥೆಯೊಳಗೆ ಇದು ಎಲ್ಲಿ ಅಡಗಿರುತ್ತದೆ? ನಿಲಯದ ಮಕ್ಕಳು ಶಾಲೆಯ ಹೊತ್ತಿನಲ್ಲಿ ಟ್ರಸ್ಟಿನ ಹೊಲದಲ್ಲಿ ಹತ್ತಿ ಬಿಡಿಸುತ್ತಿರಬಹುದು. ಅಡುಗೆಯವಳಿಗೆ ‘ಗೌರವಧನ’ವೆಂದು ಅಲ್ಪ ಮೊತ್ತ ಕೊಟ್ಟು, ಮಗಳ ಮದುವೆಗೆ ಕೊಟ್ಟ ಮುಂಗಡದ ಲೆಕ್ಕದಲ್ಲಿ ವರ್ಷಗಟ್ಟಲೆ ಹಿಡಿದಿಟ್ಟಿರಬಹುದು. ಆಶ್ರಮದ ಕಟ್ಟಡಕ್ಕೆ ಇಟ್ಟಿಗೆ ಹೊರುವವರನ್ನು ಉಪಗುತ್ತಿಗೆದಾರನು ಬೇರೆ ಜಿಲ್ಲೆಯಿಂದ ಮುಂಗಡ ಕೊಟ್ಟು ತಂದಿರಬಹುದು. ಟ್ರಸ್ಟಿನವರಿಗೆ ಅದು ತಿಳಿಯದೆಯೂ ಇರಬಹುದು. ಜಾತ್ರೆಯಲ್ಲಿ, ದಾಸೋಹದಲ್ಲಿ ನಮ್ಮ ಜನ ಮಾಡುವ ಸೇವೆಯನ್ನು ಇದರೊಂದಿಗೆ ಬೆರೆಸಬಾರದು. ಬೆಳಿಗ್ಗೆ ಬಂದವನು ಸಂಜೆ ಯಾರನ್ನೂ ಕೇಳದೆ ಮನೆಗೆ ಹೋಗಬಲ್ಲನೆ? ಹೋಗಬಲ್ಲನಾದರೆ ಅದು ಸೇವೆ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಎಚ್ಚರ ಬೇಕಿರುವುದು ‘ತರಬೇತಿ ಮತ್ತು ಉದ್ಯೋಗ’ದ ವಿಷಯದಲ್ಲಿ. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳಿಗೆ, ಮಗಳಿಗೆ ಊಟ-ವಸತಿಯೊಡನೆ ಕೆಲಸ ಎಂಬ ಮಾತು ದೊಡ್ಡ ಆಸರೆಯಾಗಿ ಕಾಣುತ್ತದೆ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಯೋಜನೆಯೆಂಬ ಹೆಸರಿನಲ್ಲಿ ನಡೆದದ್ದನ್ನು ನೆನೆಯಿರಿ. ಸುಮಾರು ಮೂರು ವರ್ಷ ದುಡಿದರೆ ಮದುವೆಗೆ ಇಡಿಗಂಟು ಎಂಬ ಭರವಸೆ. ನಡುವೆ ಬಿಟ್ಟುಬಂದರೆ ಗಂಟೂ ಇಲ್ಲ. ಹಾಸ್ಟೆಲಿನಿಂದ ಹೊರಹೋಗಲು ಅನುಮತಿ ಬೇಕು. ಹುಡುಗಿ ಎಲ್ಲಿಗೆ, ಯಾರೊಂದಿಗೆ, ಯಾವ ಕೂಲಿಗೆ ಹೋದಳೆಂದು ಕಳುಹಿಸಿದ ಸಂಸ್ಥೆಯೇ ಹೇಳಲಾರದಿದ್ದರೆ ಅದನ್ನು ಉದ್ಯೋಗ ಕೊಡಿಸುವುದು ಎನ್ನಲಾಗದು.

ತಪಾಸಣೆಯ ಕಾಗದಗಳು ಸರಿಯಿದ್ದ ಮಾತ್ರಕ್ಕೆ ನೆಮ್ಮದಿಪಡುವಂತಿಲ್ಲ. ಬಿಹಾರದ ಮುಜಫ್ಫರಪುರದಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಸರ್ಕಾರದ ಅನುದಾನದಿಂದಲೇ ಬಾಲಕಿಯರ ಆಶ್ರಯಧಾಮ ನಡೆಸುತ್ತಿತ್ತು. ಒಳಗೆ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ ಹೊರಬಿದ್ದದ್ದು 2018ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಸಾಮಾಜಿಕ ಪರಿಶೋಧನೆಯ ತಂಡ ಮಕ್ಕಳೊಂದಿಗೆ ಮಾತನಾಡಿದ ಮೇಲೆ. 2020ರಲ್ಲಿ ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆಯಾಯಿತು.

ಹಾಗೆಂದು ಎಲ್ಲ ಸಂಸ್ಥೆಗಳನ್ನೂ ಅನುಮಾನದಿಂದ ನೋಡುವುದು ಸಲ್ಲದು. ನಮ್ಮ ರಾಜ್ಯದಲ್ಲಿ ಜೀತದಾಳುಗಳನ್ನು ಗುರುತಿಸಿ ಬಿಡುಗಡೆ ಮಾಡಿಸುವಲ್ಲಿ ‘ಜೀವಿಕ’ದಂತಹ ಸಂಘಟನೆಗಳ ಶ್ರಮ ದೊಡ್ಡದು. ಒಳ್ಳೆಯ ಸಂಸ್ಥೆಗೆ ಪ್ರಶ್ನೆಗಳಿಂದ ತೊಂದರೆಯಿಲ್ಲ. ಬ್ರಿಟನ್ನಿನಲ್ಲಿ 2015ರ ಕಾಯ್ದೆಯಂತೆ 3.6 ಕೋಟಿ ಪೌಂಡಿಗಿಂತ ಕಡಿಮೆಯಿಲ್ಲದ ವಹಿವಾಟಿರುವ ಸಂಸ್ಥೆಗಳು, ತಮ್ಮಲ್ಲಿ ಮತ್ತು ತಮಗೆ ಸರಕು ಪೂರೈಸುವವರಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದೆವೆಂದು ಪ್ರತಿ ವರ್ಷ ಹೇಳಿಕೆ ಪ್ರಕಟಿಸಬೇಕು. ದೊಡ್ಡ ದತ್ತಿ ಸಂಸ್ಥೆಗಳೂ ಹೇಳಿಕೆ ನೀಡುತ್ತವೆ. ನಮ್ಮ ಪಂಚಾಯತಿ ಅಷ್ಟು ದೊಡ್ಡ ಹೇಳಿಕೆ ಕೇಳಬೇಕಿಲ್ಲ. ಕಟ್ಟಡ, ನಿವೇಶನ ಅಥವಾ ಫಲಾನುಭವಿಗಳ ಪಟ್ಟಿ ಕೇಳಿ ಬಂದ ಸಂಸ್ಥೆಯಿಂದ ನೋಂದಣಿ ಪತ್ರ, ಸಿಬ್ಬಂದಿಯ ವೇತನ ಬ್ಯಾಂಕಿಗೆ ಜಮೆಯಾದ ದಾಖಲೆ, ಗುತ್ತಿಗೆದಾರನ ಕಾರ್ಮಿಕರ ಹಾಜರಿ ಪುಸ್ತಕ, ಹೊರಗೆ ಕಳುಹಿಸಿದ ತರಬೇತಿದಾರರ ವಿಳಾಸ ಕೇಳಿದರೆ ಸಾಕು. ಯಾರ ಮೂಲ ಅಂಕಪಟ್ಟಿ, ಆಧಾರ್ ಕಾರ್ಡುಗಳೂ ಸಂಸ್ಥೆಯ ಕಪಾಟಿನಲ್ಲಿ ಇರಕೂಡದು. ರಕ್ಷಣೆ ಬೇಕಾದ ಮಕ್ಕಳನ್ನು ಪೂರ್ಣವಾಗಿಯಾಗಲಿ ಭಾಗಶಃ ಆಗಲಿ ಇರಿಸಿಕೊಳ್ಳುವ ಸಂಸ್ಥೆ 2015ರ ಬಾಲ ನ್ಯಾಯ ಕಾಯ್ದೆಯ 41ನೇ ಕಲಮಿನಡಿ ನೋಂದಣಿಯಾಗಿರಲೇಬೇಕು. ತಪ್ಪಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ‘ಇದು ಬರೀ ವಿದ್ಯಾರ್ಥಿ ನಿಲಯ’ ಎಂಬ ಉತ್ತರ ಬಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಅನುಮಾನ ಬಲವಾದಾಗ ಸದಸ್ಯರು ತಾವೇ ದಾಳಿ ಮಾಡಲು ಹೋಗಬಾರದು. ಸುದ್ದಿ ಮುಟ್ಟಿದ ರಾತ್ರಿಯೇ ಜನರನ್ನು ಬೇರೆಡೆಗೆ ಸಾಗಿಸುವುದುಂಟು. ಮಕ್ಕಳಿದ್ದರೆ 1098, ಮಹಿಳೆಯರಿಗೆ 181, ತುರ್ತಿಗೆ 112. ಪೋಷಕರಿಂದ ಅಗಲಿ ಒಂಟಿಯಾದ ಮಗು ಕಂಡರೆ 24 ಗಂಟೆಯೊಳಗೆ ತಿಳಿಸುವುದು ಕಾನೂನಿನ ಕರ್ತವ್ಯ, ತಿಳಿಸದಿರುವುದು ಅಪರಾಧ. ಜೀತದ ಪ್ರಕರಣವಾದರೆ ಉಪವಿಭಾಗಾಧಿಕಾರಿ ಇಲ್ಲವೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ನ್ಯಾಯಾಲಯದಲ್ಲಿ ‘ಇದು ಜೀತದ ಸಾಲವಲ್ಲ’ ಎಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು, ಕಾರ್ಮಿಕನದಲ್ಲ.

ಬಿಡುಗಡೆಯಾದವರಿಗೆ ಬಿಡುಗಡೆ ಪತ್ರ ಸಿಕ್ಕಿತೆ ಎಂಬುದನ್ನು ವಿಚಾರಿಸಬೇಕು. ಪುನರ್ವಸತಿಯ ದಾರಿ ಅದರಿಂದಲೇ ತೆರೆಯುವುದು. ಕೇಂದ್ರದ ಯೋಜನೆಯಲ್ಲಿ 30,000 ರೂಪಾಯಿವರೆಗಿನ ತಕ್ಷಣದ ನೆರವು ಪ್ರಕರಣದ ತೀರ್ಪಿಗೆ ಕಾಯುವುದಿಲ್ಲ. ಒಟ್ಟು ಪುನರ್ವಸತಿ ನೆರವು ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ 2 ಲಕ್ಷ, ಕಳ್ಳಸಾಗಣೆಯಂತಹ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ. ಊರಿಗೆ ಮರಳಿದವರ ಪಡಿತರ ಚೀಟಿ, ಮಕ್ಕಳ ಶಾಲಾ ದಾಖಲಾತಿ ಮತ್ತು ವಸತಿಯ ಅರ್ಜಿಗಳನ್ನು ಆ ವಾರ್ಡಿನ ಸದಸ್ಯರು ಮೊದಲ ತಿಂಗಳಲ್ಲೇ ಕೈಗೆತ್ತಿಕೊಳ್ಳಬೇಕು. ಹಳೆಯ ಮುಂಗಡ ಕೇಳಿಕೊಂಡು ಯಾರಾದರೂ ಅವರ ಮನೆ ಬಾಗಿಲಿಗೆ ಬಂದರೆ ಅದನ್ನೂ ಅದೇ ದಿನ ಪೊಲೀಸರಿಗೆ ತಿಳಿಸಬೇಕು.