ಕಿಡಿಗೆ ಜಾಗ ಕೊಡಬೇಡಿ

ಶಿವರಾತ್ರಿ ಬಂತು. ಚಳಿ ಹೋಯಿತು. ಕಾಡಿನ ಹುಲ್ಲು ಒಣಗಿತು. ಲಂಟಾನ ಪೊದೆ ಗರಿಗರಿ ಆಯಿತು. ಇನ್ನು ಮಳೆ ಬರುವ ತನಕ ಕಾಡಂಚಿನ ಊರುಗಳಿಗೆ ಬೆಂಕಿಯ ಭಯ.

ಬಂಡೀಪುರದ ಕಾಡು ನಿಮಗೆ ಗೊತ್ತಲ್ಲವೇ? 2019ರ ಫೆಬ್ರವರಿಯಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿತ್ತು. ಸಾವಿರಾರು ಎಕರೆ ಕಾಡು ಸುಟ್ಟಿತು. 2017ರಲ್ಲಿ ಅದೇ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು.

ನಮ್ಮ ಕಲಿಕೆ ಕೇಂದ್ರದಲ್ಲಿ ಒಬ್ಬ ಅಜ್ಜಿ ಕೇಳಿದರು: "ಮೇಷ್ಟ್ರೇ, ಕಾಡು ಆ ಕಡೆ ಅದೆ. ನಮ್ಮ ಮನೆ ಈ ಕಡೆ ಅದೆ. ನಡುವೆ ರಸ್ತೆ ಅದೆ. ಬೆಂಕಿ ಹೆಂಗೆ ಬತ್ತದೆ?"

"ಬೆಂಕಿ ನಡೆದು ಬರಬೇಕಾಗಿಲ್ಲ ಅಜ್ಜಿ. ಕಿಡಿ ಹಾರಿ ಬರುತ್ತದೆ" ಅಂದೆ.

ಹೌದು. ಗಾಳಿ ಬೀಸಿದರೆ ಕಿಡಿ ರಸ್ತೆ ದಾಟುತ್ತದೆ. ಬರಿ ನೆಲದ ಮೇಲೆ ಬಿದ್ದ ಕಿಡಿ ಆರಿಹೋಗುತ್ತದೆ. ಹುಲ್ಲಿನ ಬಣವೆ ಮೇಲೆ ಬಿದ್ದರೆ? ಬಣವೆ ಉರಿಯುತ್ತದೆ. ಅದರಿಂದ ಮನೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕಿಡಿಗೆ ಕೂರಲು ಜಾಗ ಕೊಡಬಾರದು.

ಮೊದಲೇ ಏನು ಮಾಡಬೇಕು?

ಮನೆಯ ಸುತ್ತ 30 ಅಡಿ ಒಣ ಹುಲ್ಲು, ತರಗೆಲೆ ಗುಡಿಸಿ ತೆಗೆಯಿರಿ. ಹೆಂಚಿನ ಸಂದಿಯ ಎಲೆಗಳನ್ನೂ ತೆಗೆಯಿರಿ. ಬಣವೆ, ಸೌದೆ ಮನೆಯಿಂದ ದೂರ ಇರಲಿ. ಕೊಟ್ಟಿಗೆಯಿಂದಲೂ ದೂರ ಇರಲಿ. ತೊಟ್ಟಿಯಲ್ಲಿ, ಬಿಂದಿಗೆಗಳಲ್ಲಿ ನೀರು ತುಂಬಿಡಿ.

ರೇಷನ್ ಕಾರ್ಡು, ಆಧಾರ್, ಪಹಣಿ, ಬ್ಯಾಂಕಿನ ಪಾಸ್ ಪುಸ್ತಕ ಎಲ್ಲವನ್ನೂ ಒಂದೇ ಚೀಲದಲ್ಲಿಡಿ. ಅಜ್ಜಿಯನ್ನು ಯಾರು ಕರೆದುಕೊಂಡು ಹೋಗಬೇಕು? ಮಗುವನ್ನು ಯಾರು ಎತ್ತಿಕೊಳ್ಳಬೇಕು? ದನಗಳ ಹಗ್ಗ ಯಾರು ಬಿಚ್ಚಬೇಕು? ಎಲ್ಲರೂ ಎಲ್ಲಿ ಸೇರಬೇಕು? ಇವತ್ತೇ ಮನೆಯಲ್ಲಿ ಕೂತು ಮಾತಾಡಿ. ಬೆಂಕಿ ಬಂದಾಗ ಮಾತಾಡಲು ಹೊತ್ತು ಸಿಗುವುದಿಲ್ಲ.

ಬೆಂಕಿ ಹತ್ತಿರ ಬಂದರೆ?

112ಕ್ಕೆ ಫೋನ್ ಮಾಡಿ. ಅರಣ್ಯ ಇಲಾಖೆಯವರಿಗೂ ತಿಳಿಸಿ. ಗ್ಯಾಸ್ ಆರಿಸಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡ. ಅದು ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆ ತೊಡಿ. ದನಗಳ ಹಗ್ಗ ಬಿಚ್ಚಿಬಿಡಿ. ಗುಡ್ಡ ಹತ್ತಬೇಡಿ. ಏರಿನಲ್ಲಿ ಬೆಂಕಿ ನಮಗಿಂತ ಬೇಗ ಓಡುತ್ತದೆ. ಉತ್ತ ಹೊಲಕ್ಕೋ, ಕೆರೆ ಅಂಗಳಕ್ಕೋ ಹೋಗಿ. ಸಾಮಾನು ತರಲು ವಾಪಸ್ ಹೋಗಬೇಡಿ.

ಬಟ್ಟೆಗೆ ಬೆಂಕಿ ತಗುಲಿದರೆ ಓಡಬೇಡಿ. ನೆಲದ ಮೇಲೆ ಉರುಳಿ. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಸುರಿಯಿರಿ. ತುಪ್ಪ, ಶಾಯಿ, ಪೇಸ್ಟು ಹಚ್ಚಬೇಡಿ. ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಕಿಡಿ ಕಾಡಿನಿಂದ ಮಾತ್ರ ಬರುವುದಿಲ್ಲ. ನಮ್ಮ ಕಡೆಯಿಂದಲೂ ಕಾಡಿಗೆ ಹೋಗುತ್ತದೆ. ನಮ್ಮ ಕಾಡುಗಳಲ್ಲಿ ಬೆಂಕಿ ಬೀಳುವುದು ಹೆಚ್ಚಾಗಿ ಮನುಷ್ಯರ ಕೈಯಿಂದಲೇ. ಎಸೆದ ಬೀಡಿ ತುಂಡು, ಬದುವಿಗೆ ಹಚ್ಚಿದ ಬೆಂಕಿ, ಒಲೆಯ ಬಿಸಿ ಬೂದಿ, ಇಷ್ಟೇ ಸಾಕು. ಬೂದಿಗೆ ನೀರು ಹಾಕಿ, ಆಮೇಲೆ ತಿಪ್ಪೆಗೆ ಸುರಿಯಿರಿ. ಬೇಸಿಗೆಯಲ್ಲಿ ಬದು ಸುಡಬೇಡಿ.

ಆ ಅಜ್ಜಿ ಮೊನ್ನೆ ಬಣವೆಯನ್ನು ದೂರ ಹಾಕಿಸಿದರು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಾವೇ 112 ಅಂತ ಬರೆದರು. ನೀವೂ ಅಕ್ಷರ ಕಲಿತಿದ್ದೀರಿ, ಅಂಕಿ ಕಲಿತಿದ್ದೀರಿ. ನಿಮ್ಮ ಬಾಗಿಲ ಮೇಲೆ ಯಾವಾಗ ಬರೆಯುತ್ತೀರಿ?