ಹಾಸನದಿಂದ ಚನ್ನರಾಯಪಟ್ಟಣಕ್ಕೆ ಓದುತ್ತಾ ಹೋದರೆ

ಹಾಸನದ ಬಸ್ ನಿಲ್ದಾಣದಲ್ಲಿ ಎರಡನೇ ಕ್ಲಾಸಿನ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಸ್ಸಿನ ಬೋರ್ಡುಗಳನ್ನು ಓದಿಸಿ ನೋಡಿ. ‘ಹಾಸನ’ ಸಲೀಸು, ಮೂರೇ ಅಕ್ಷರ, ಒಂದೇ ದೀರ್ಘ. ‘ಅರಕಲಗೂಡು’ ಉದ್ದವಾದರೂ ಮೊದಲ ನಾಲ್ಕಕ್ಕೆ ಯಾವ ಚಿಹ್ನೆಯೂ ಇಲ್ಲ, ಕೊನೆಯ ಎರಡಕ್ಕೆ ಮಾತ್ರ ಕೊಂಬು. ‘ಹೊಳೆನರಸೀಪುರ’ದಲ್ಲಿ ಒತ್ವ, ಎತ್ವ, ಗುಡಿಸಿನ ದೀರ್ಘ, ಕೊಂಬು ಎಲ್ಲ ಒಟ್ಟಿಗೇ ಎದುರಾಗಿ ಮಗು ತಡವರಿಸುತ್ತದೆ. ‘ಚನ್ನರಾಯಪಟ್ಟಣ’ವನ್ನು ‘ಚನರಾಯಪಟಣ’ ಎಂದು ಓದಿ, ಸರಿಯೋ ತಪ್ಪೋ ಎಂದು ನಮ್ಮ ಮುಖ ನೋಡುತ್ತದೆ. ಕನ್ನಡ ಓದು ಕಲಿಯುವ ಮಗು ಹತ್ತಬೇಕಾದ ಏಣಿಯ ಮೆಟ್ಟಿಲುಗಳೆಲ್ಲ ಈ ನಾಲ್ಕು ಊರಿನ ಹೆಸರುಗಳಲ್ಲೇ ಇವೆ.

‘ಮೂರನೇ ಕ್ಲಾಸಿಗೆ ಬಂದ್ರೂ ನೆಟ್ಟಗೆ ಓದಕ್ಕೆ ಬರಲ್ಲ ಸಾರ್’ ಎಂಬ ಮಾತನ್ನು ಈ ಭಾಗದ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಮಗುವಿನ ಮೇಲೆ ರೇಗುವ ಮೊದಲು ಲಿಪಿಯ ಕಡೆ ಒಮ್ಮೆ ನೋಡಬೇಕು. ವರ್ಣಮಾಲೆಯಲ್ಲಿ 49 ಅಕ್ಷರ. ಕಾಗುಣಿತ ಸೇರಿದರೆ ರೂಪಗಳು ನಾನೂರು ದಾಟುತ್ತವೆ, ಅದರ ಮೇಲೆ ಒತ್ತಕ್ಷರ. ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಸೊನಾಲಿ ನಾಗ್ ಗುರುತಿಸಿದ್ದೂ ಇದನ್ನೇ: ಇಂಗ್ಲಿಷಿನಂಥ ಲಿಪಿಗಳಿಗಿಂತ ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ಹೆಚ್ಚು ವರ್ಷ ಬೇಕು. ಹಾಗಾಗಿ ಮೂರನೇ ತರಗತಿಯಲ್ಲಿ ಒತ್ತಕ್ಷರದ ಮುಂದೆ ನಿಂತುಬಿಡುವ ಮಗುವನ್ನು ದಡ್ಡ ಎನ್ನುವುದು ಅನ್ಯಾಯ.

ಮನೆಗೂ ಶಾಲೆಗೂ ತಾಳ ತಪ್ಪುವ ಇನ್ನೊಂದು ಜಾಗವಿದೆ. ನಾವು ಕಲಿತದ್ದು ಅ ಆ ಇ ಈ. ಸರ್ಕಾರಿ ಶಾಲೆಯ ನಲಿಕಲಿ ಶುರುವಾಗುವುದು ರ, ಗ, ಸ, ದ, ಅ ಎಂದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಕಟ್ಟಿದ ಪದ್ಧತಿ ಇದು. 2009ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಆ ಐದೇ ಅಕ್ಷರದಲ್ಲಿ ಸರ, ಅಗಸ, ಅರಸ, ಗರಗಸ ಎಲ್ಲ ಬರೆಯಬಹುದು. ಮೊದಲ ವಾರದಲ್ಲೇ ಮಗುವಿಗೆ ಅರ್ಥವಿರುವ ಪದ ಸಿಗುತ್ತದೆ. ಇದು ತಿಳಿಯದೆ ‘ನಿಮ್ ಮೇಷ್ಟ್ರು ಅ ಆನೇ ಹೇಳ್ಕೊಟ್ಟಿಲ್ವಾ’ ಎಂದು ಅಜ್ಜ ಗದರಿದರೆ ಮಗುವಿಗೆ ಶಾಲೆ, ಮನೆ ಎರಡರ ಮೇಲೂ ನಂಬಿಕೆ ಹೋಗುತ್ತದೆ.

2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್, ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಮಾಡಿಕೊಂಡು ಓದಬೇಕೆಂಬ ಗುರಿ ಇಟ್ಟಿದೆ. ಗುರಿ ಇರಲಿ. ಆದರೆ ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದು ಕನ್ನಡದಲ್ಲಿ ಒಂದೇ ಪದ, ಪದ ಎಣಿಸಿ ಓದನ್ನು ಅಳೆಯುವುದು ಕಷ್ಟ. ಮನೆಯಲ್ಲಿ ಗಡಿಯಾರ ಹಿಡಿದು ಕೂರುವುದನ್ನು ಬಿಟ್ಟು, ಓದಿದ ಮೇಲೆ ‘ಆಮೇಲೆ ಏನಾಯ್ತು ಮಗಾ?’ ಎಂದು ಕೇಳುವುದೇ ಮೇಲು.

ಹಾಗೆ ಕೇಳಲು ಓದು ಬರಲೇಬೇಕೆಂದಿಲ್ಲ. ‘ನಂಗೇ ಓದು ಬರಲ್ಲ, ನಾನೇನ್ ಹೇಳ್ಕೊಡ್ಲಿ’ ಎನ್ನುವ ತಾಯಂದಿರಿಗೆ ನಾನು ಕೈಮುಗಿದು ಹೇಳುವುದಿಷ್ಟೆ: ಹೇಳಿಕೊಡುವುದು ಬೇಡ, ಕೇಳಿಸಿಕೊಳ್ಳಿ. ರೊಟ್ಟಿ ತಟ್ಟುವ ಹತ್ತು ನಿಮಿಷ ಮಗು ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದಲಿ. ಡೇರಿಗೆ ಹಾಲು ಹಾಕಿ ಬಂದ ಚೀಟಿಯಲ್ಲಿ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ದರ ಎಷ್ಟು ಎಂದು ಅದೇ ಓದಿ ಹೇಳಲಿ. ಮನೆಗೆ ಬೇಕಾದ ಓದು ಅದು, ಮಗುವಿಗೂ ಗತ್ತು ಬರುತ್ತದೆ. ಕರೆಂಟ್ ಬಿಲ್ಲು, ಗೊಬ್ಬರದ ಚೀಲ, ಗೋಡೆಯ ಕ್ಯಾಲೆಂಡರು ಎಲ್ಲವೂ ಪಾಠವೇ. ಒತ್ತಕ್ಷರಕ್ಕಂತೂ ಲಗ್ನಪತ್ರಿಕೆಗಿಂತ ಒಳ್ಳೆಯ ಪುಸ್ತಕ ಇಲ್ಲ.

ಹಾಸನದಲ್ಲೇ ಹುಟ್ಟಿದ ಲೇಖಕಿ ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಊರೆಲ್ಲ ಹೆಮ್ಮೆಪಟ್ಟಿತು. ಎಲ್ಲ ಮಕ್ಕಳಿಗೂ ಅಷ್ಟು ಬೇಗ ಅಕ್ಷರ ಒಲಿಯುವುದಿಲ್ಲ. ತಡವಾಗಿ ಶುರುಮಾಡಿದ ಮಗುವಿಗೆ ಬಾಗಿಲು ಮುಚ್ಚಿಹೋಗಿಲ್ಲ ಎನ್ನಲು ಈ ಉದಾಹರಣೆ ಸಾಕು.

ಓದಿನ ಪಕ್ಕದಲ್ಲೇ ಇನ್ನೊಂದು ಕೆಲಸವಿದೆ, ಹುಡುಕುವುದು. ಶಾಲೆಯ ಭಾಷೆಯಲ್ಲಿ ಪ್ರಾಜೆಕ್ಟು. ಭಾನುವಾರ ಸಂಜೆ ಸ್ಟೇಷನರಿ ಅಂಗಡಿಗಳ ಮುಂದೆ ನಿಂತವರಲ್ಲಿ ಮಕ್ಕಳಿಗಿಂತ ಅಪ್ಪಂದಿರೇ ಹೆಚ್ಚು. ಚಾರ್ಟು, ಅಂಟು, ಮೊಬೈಲಿನಿಂದ ತೆಗೆಸಿದ ಪ್ರಿಂಟು. ನಾನೂ ನಿಂತವನೇ. ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ ‘ನಮ್ಮ ಜಿಲ್ಲೆಯ ನದಿ’ಯನ್ನು ನಾನೇ ಬರೆದುಕೊಟ್ಟೆ. ಹತ್ತಕ್ಕೆ ಹತ್ತು ಬಂತು. ಮುಂದಿನ ವಾರ ಕೇಳಿದರೆ ಹೇಮಾವತಿ ಎಲ್ಲಿ ಹುಟ್ಟುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆ ಅಂಕ ನನ್ನದು, ಅವಳ ಪಾಲಿನ ಹುಡುಕಾಟವನ್ನು ನಾನು ಕಸಿದುಕೊಂಡಿದ್ದೆ.

ಆಮೇಲೆ ಅವಳನ್ನು ಶೆಟ್ಟಿಹಳ್ಳಿಗೆ ಕರೆದೊಯ್ದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ‘ನೀರೊಳಗೆ ಯಾಕಪ್ಪ ಕಟ್ಟಿದ್ರು?’ ಎಂದಳು. ನಾನು ಉತ್ತರಿಸಲಿಲ್ಲ. ಅಣೆಕಟ್ಟೆ ಗೊರೂರಿನಲ್ಲಿ 1979ರಲ್ಲಿ ಮುಗಿಯಿತು ಎಂದು ಪುಸ್ತಕದಲ್ಲಿ ಸಿಕ್ಕಿತು. ಮುಳುಗಡೆಯಿಂದಾಗಿ ಅಲ್ಲಿನವರು ಊರು ಬಿಟ್ಟ ದಿನ ಏನೇನು ಹೊತ್ತು ತಂದರು, ಬಾವಿ ಎಲ್ಲಿತ್ತು, ಯಾವ ಮರ ಮುಳುಗಿತು ಎಂಬುದು ಪುಸ್ತಕದಲ್ಲಿರಲಿಲ್ಲ. ಅದನ್ನು ಅವಳೇ ಹಿರಿಯರ ಬಳಿ ಕೂತು ಕೇಳಿದಳು, ಮನೆಗೆ ಬಂದು ಅವಳದೇ ವಾಕ್ಯದಲ್ಲಿ ಬರೆದಳು. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು. ಆ ಪುಟ ಈಗಲೂ ನನ್ನ ಹತ್ತಿರ ಇದೆ. ಅಣೆಕಟ್ಟೆ ಮುಗಿದಾಗ ಹನ್ನೆರಡು ವರ್ಷದವರಾಗಿದ್ದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಕೇಳುವ ಕಾಲ ಇದೇ.

ಎರಡು ಕಡೆ ಎರಡು ಉತ್ತರ ಸಿಕ್ಕರೆ ಮಗು ಗಾಬರಿಯಾಗುತ್ತದೆ. ಅದೂ ಕಲಿಯಬೇಕಾದದ್ದೇ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು, ಸುಮಾರು ಕ್ರಿ.ಶ. 450ರದು, ಕನ್ನಡದ ಮೊದಲ ಶಾಸನ ಎಂದು ಓದಿಕೊಂಡು ಬೆಳೆದವರು ನಾವು. ಆಮೇಲೆ ತಾಳಗುಂದದ ಉತ್ಖನನದಲ್ಲಿ ಸಿಕ್ಕ ಶಾಸನವನ್ನು ಪುರಾತತ್ವ ಇಲಾಖೆ ಸುಮಾರು 370ರದು ಎಂದಿತು. ಯಾವುದು ಸರಿ ಎನ್ನುವ ಮಗುವಿಗೆ ‘ಯಾರು, ಯಾವಾಗ ಬರೆದರು, ಯಾವ ಆಧಾರದ ಮೇಲೆ’ ಎಂದು ನೋಡುವುದನ್ನು ಕಲಿಸಿದರೆ, ನಾಳೆ ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಅದು ನಂಬುವುದಿಲ್ಲ.

ನಮ್ಮ ಜಿಲ್ಲೆ 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದದ್ದು. ಹತ್ತನೇ ತರಗತಿಯ ಮೇಲಿರುವ ಕಾಳಜಿಯಲ್ಲಿ ಅರ್ಧದಷ್ಟಾದರೂ ಮೂರನೇ ತರಗತಿಗೆ ಸಲ್ಲಬೇಕು. ಪುಸ್ತಕಕ್ಕೆ ದುಡ್ಡಿಲ್ಲ ಎನ್ನುವ ಮನೆಗೂ ದಾರಿ ಇದೆ. ‘ಓದುವ ಬೆಳಕು’ ಎಂಬ ಹೆಸರಿನಲ್ಲಿ 2020ರ ಮಕ್ಕಳ ದಿನಾಚರಣೆಯಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ. ಈ ವಾರ ಮಗುವಿನ ಕೈ ಹಿಡಿದು ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ, ಮಗುವಿನ ಹೆಸರಿನಲ್ಲೇ ಒಂದು ಕಾರ್ಡು ಮಾಡಿಸಿಕೊಡಿ. ಪುಸ್ತಕ ಅದೇ ಆರಿಸಿಕೊಳ್ಳಲಿ.