ಕಂಠೀರವದ ಆರು ಗುರುಗಳು: ಯಾರ ತೂಕ ಎಷ್ಟು?

ಮುಂಬಯಿ: ಅಂಧೇರಿಯ ಮುಂಬಯಿ ಫುಟ್ಬಾಲ್ ಅರೆನಾದಲ್ಲಿ 2019ರ ಮಾರ್ಚ್ 17ರ ರಾತ್ರಿಯನ್ನು ಈ ಮಹಾನಗರದ ಫುಟ್ಬಾಲ್ ಪ್ರಿಯ ಕನ್ನಡಿಗರು ಸುಲಭವಾಗಿ ಮರೆಯಲಾರರು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಗೋವಾ ಎಫ್‌ಸಿ ವಿರುದ್ಧ ನಿಗದಿತ ಅವಧಿಯಲ್ಲಿ ಗೋಲೇ ಬರಲಿಲ್ಲ. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಾಗ, 117ನೇ ನಿಮಿಷದಲ್ಲಿ ಮುಂಬಯಿಯವರೇ ಆದ ರಾಹುಲ್ ಭೇಕೆ ತಲೆಯಿಂದ ಚೆಂಡನ್ನು ಬಲೆಗೆ ಕಳುಹಿಸಿದರು. ಬೆಂಗಳೂರು ಎಫ್‌ಸಿ ಮೊದಲ ಬಾರಿಗೆ ಐಎಸ್‌ಎಲ್ ಕಪ್ ಎತ್ತಿತು. ಅಂದು ತಂಡದ ತರಬೇತುದಾರರಾಗಿದ್ದವರು ಸ್ಪೇನ್‌ನ ಕಾರ್ಲೆಸ್ ಕ್ವಾದ್ರತ್.

ಅಲ್ಲಿಂದ ಇಲ್ಲಿಯವರೆಗೆ ತಂಡದ ಚುಕ್ಕಾಣಿ ಹಲವು ಕೈ ಬದಲಾಗಿದೆ. ಆದರೆ ಹೊಸಬರು ಯಾರೇ ಬರಲಿ, ನಾಲ್ಕು ಪಂದ್ಯ ಸೋತ ಕೂಡಲೇ ಅಭಿಮಾನಿಗಳ ಬಾಯಲ್ಲಿ ಬರುವುದು ಹಳಬರ ಹೆಸರೇ. 'ವೆಸ್ಟ್‌ವುಡ್ ಇದ್ದಿದ್ದರೆ', 'ರೋಕಾ ಇದ್ದಿದ್ದರೆ' ಎಂಬ ಮಾತು ಸಂಘದ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿನಲ್ಲೂ ಕೇಳಿಬರುತ್ತದೆ. ಹಳೇ ಗಂಡನ ಪಾದವೇ ಗತಿ ಎಂಬ ಗಾದೆ ಫುಟ್ಬಾಲಿಗೂ ಸಲ್ಲುತ್ತದೆ. ಆದರೆ ಈ ಹೋಲಿಕೆ ಎಷ್ಟರ ಮಟ್ಟಿಗೆ ನ್ಯಾಯ ಎಂಬುದನ್ನು ಸ್ವಲ್ಪ ಸಾವಧಾನದಿಂದ ನೋಡಬೇಕಾಗಿದೆ.

ಸೊನ್ನೆಯಿಂದ ಆರಂಭ

ಮುಂಬಯಿಯಲ್ಲಿ ಪ್ರಧಾನ ಕಚೇರಿಯನ್ನೂ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಹೊಂದಿರುವ ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಈ ಕ್ಲಬ್ಬನ್ನು ಸ್ಥಾಪಿಸಿತು. ಮೊದಲ ತರಬೇತುದಾರರಾಗಿ ಬಂದವರು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಅವರ ಕೈಗೆ ಸಿಕ್ಕಿದ್ದು ಇತಿಹಾಸವಿಲ್ಲದ, ಅಲ್ಲಿಂದ ಇಲ್ಲಿಂದ ಕೂಡಿಸಿದ ತಂಡ. ಆದರೂ 2013-14ರ ಚೊಚ್ಚಲ ಸಾಲಿನಲ್ಲೇ ಐ-ಲೀಗ್ ಪ್ರಶಸ್ತಿ ಬೆಂಗಳೂರಿನ ಪಾಲಾಯಿತು. 2015ರ ಜನವರಿಯಲ್ಲಿ ಡೆಂಪೊ ತಂಡವನ್ನು 2-1ರಿಂದ ಸೋಲಿಸಿ ಫೆಡರೇಷನ್ ಕಪ್, 2015-16ರಲ್ಲಿ ಮತ್ತೊಮ್ಮೆ ಐ-ಲೀಗ್. ಮೂರು ಸಾಲಿನಲ್ಲಿ ಮೂರು ಪ್ರಶಸ್ತಿಗಳು.

ವೆಸ್ಟ್‌ವುಡ್ ಅವರ ಕಾಲದಲ್ಲೂ ಕಣ್ಣೀರಿನ ದಿನ ಇರಲಿಲ್ಲವೆಂದಲ್ಲ. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದಿದ್ದರೆ ಐ-ಲೀಗ್ ಕಪ್ ಉಳಿಯುತ್ತಿತ್ತು. ಮುನ್ನಡೆಯಲ್ಲಿದ್ದ ತಂಡ 87ನೇ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟಿತು. ಪಂದ್ಯ 1-1ರಲ್ಲಿ ಮುಗಿದು, ಕಪ್ಪು ಕೋಲ್ಕತ್ತಕ್ಕೆ ಹೋಯಿತು. ಇಂದು ಗತವೈಭವವನ್ನು ನೆನೆಯುವವರು ಈ ಸಂಜೆಯನ್ನು ಮರೆತಿರುತ್ತಾರೆ ಅಷ್ಟೆ.

ಏಷ್ಯಾದ ಬಾಗಿಲಲ್ಲಿ

2016ರಲ್ಲಿ ಬಂದ ಆಲ್ಬರ್ಟ್ ರೋಕಾ, ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರಿಗೆ ಸಹಾಯಕರಾಗಿ ದುಡಿದವರು. ಅವರಿಗೆ ಸಿಕ್ಕಿದ್ದು ಸಿದ್ಧ ಚಾಂಪಿಯನ್ ತಂಡ. ಅವರು ಮಾಡಿದ್ದು ಆ ತಂಡವನ್ನು ದೇಶದ ಗಡಿಯಾಚೆ ಕೊಂಡೊಯ್ದ ಕೆಲಸ. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ ಹಾಲಿ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್ ತಂಡವನ್ನು 3-1ರಿಂದ ಮಣಿಸಿದ ಬೆಂಗಳೂರು, ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎನಿಸಿತು. ನಾಯಕ ಸುನಿಲ್ ಛೆಟ್ರಿ ಅಂದು ಎರಡು ಗೋಲು ಬಾರಿಸಿದ್ದರು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡದೆದುರು 0-1ರಿಂದ ಸೋತರೂ ಆ ಸಾಧನೆಯ ಮೆರುಗು ಮಾಸಲಿಲ್ಲ.

ಬಳಿಕ 2017ರ ಫೆಡರೇಷನ್ ಕಪ್ ಮತ್ತು 2018ರ ಸೂಪರ್ ಕಪ್ ರೋಕಾ ಅವರ ಖಾತೆಗೆ ಸೇರಿದವು. ಆದರೆ ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ಸಾಲಿನಲ್ಲೇ ಅಂಕಪಟ್ಟಿಯ ತುದಿಯಲ್ಲಿದ್ದ ತಂಡ, 2018ರ ಮಾರ್ಚ್ 17ರಂದು ತವರಿನಂಗಳದಲ್ಲೇ ಚೆನ್ನೈಯಿನ್ ಎದುರು 2-3ರಿಂದ ಫೈನಲ್ ಸೋತಿತು. ಸರಿಯಾಗಿ ಒಂದು ವರ್ಷದ ನಂತರ, ಅದೇ ದಿನಾಂಕದಂದು ಅಂಧೇರಿಯಲ್ಲಿ ಆ ಗಾಯಕ್ಕೆ ಮದ್ದು ಸಿಕ್ಕಿತು. ರೋಕಾ ಅವರ ಸಹಾಯಕರಾಗಿದ್ದ ಕ್ವಾದ್ರತ್ ಗುರುವಿನ ಮನೆಯನ್ನು ಕೆಡವಲಿಲ್ಲ. ಬಾಗಿಲು, ಕಿಟಕಿ ಭದ್ರಪಡಿಸಿದರು. ಗಟ್ಟಿ ರಕ್ಷಣೆ, ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಲೆಕ್ಕಾಚಾರ ಅವರ ಬಲವಾಗಿತ್ತು. ಭೇಕೆ ಅವರ ಗೋಲು ಬಂದದ್ದೂ ಕಾರ್ನರ್‌ನಿಂದಲೇ.

ಪ್ರೇಕ್ಷಕರಿಲ್ಲದ ಕಾಲ

ಮುಂದೆ ಬಂದದ್ದು ಕೋವಿಡ್ ಪಿಡುಗು. 2020-21 ಮತ್ತು 2021-22ರ ಐಎಸ್‌ಎಲ್ ಲೀಗ್ ಹಂತ ಪೂರ್ತಿಯಾಗಿ ಗೋವಾದಲ್ಲಿ, ಖಾಲಿ ಕ್ರೀಡಾಂಗಣಗಳಲ್ಲಿ ನಡೆಯಿತು. ಸತತ ಮೂರು ಸೋಲಿನ ನಂತರ 2021ರ ಜನವರಿಯಲ್ಲಿ ಕ್ವಾದ್ರತ್ ಅವರನ್ನು ಬೀಳ್ಕೊಡಲಾಯಿತು. ತಂಡ ಆ ಸಾಲಿನಲ್ಲಿ 7ನೇ ಸ್ಥಾನಕ್ಕೆ ಇಳಿಯಿತು. ಅವರ ನಂತರ ಬಂದ ಜರ್ಮನಿಯ ಮಾರ್ಕೊ ಪೆಜ್ಜಾಯುವೋಲಿ ತಂಡವನ್ನು 6ನೇ ಸ್ಥಾನಕ್ಕೆ ತಂದರು. ಪ್ರಶಸ್ತಿ ಬರಲಿಲ್ಲ, ಅವರ ಹೆಸರೂ ಬಹುಮಂದಿಗೆ ನೆನಪಿಲ್ಲ. ಆದರೆ ಒಂದು ಸಂಗತಿ ಗಮನಾರ್ಹ. ಐಎಸ್‌ಎಲ್‌ನ ಒಂದೇ ಒಂದು ಪಂದ್ಯವನ್ನೂ ಕಂಠೀರವದಲ್ಲಿ, ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿಗಳ ಎದುರು ಆಡಿಸುವ ಭಾಗ್ಯ ಅವರಿಗೆ ಒದಗಲಿಲ್ಲ. ಚೆಂಡೆ, ಮದ್ದಳೆ, ಪ್ರೇಕ್ಷಕರು ಯಾವುದೂ ಇಲ್ಲದ ರಂಗಸ್ಥಳದಲ್ಲಿ ಆಟ ಆಡಿಸಿದ ಭಾಗವತರನ್ನು ತುಂಬಿದ ಸಭೆಯ ಭಾಗವತರೊಂದಿಗೆ ತೂಗುವುದು ಸರಿಯೇ?

2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದರು. ಆ ಸೆಪ್ಟೆಂಬರ್ 18ರಂದು ಮುಂಬಯಿ ಸಿಟಿ ತಂಡವನ್ನೇ 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದುಕೊಟ್ಟರು. ಐಎಸ್‌ಎಲ್‌ನಲ್ಲಿ ಮುಗ್ಗರಿಸುತ್ತಿದ್ದ ತಂಡ ಲೀಗ್ ಹಂತದ ಕೊನೆಯ 8 ಪಂದ್ಯಗಳನ್ನೂ ಗೆದ್ದು, ಸೆಮಿಫೈನಲ್‌ನಲ್ಲಿ ಮತ್ತೆ ಮುಂಬಯಿಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9-8ರಿಂದ ಹಿಂದಿಕ್ಕಿತು. 2023ರ ಮಾರ್ಚ್ 18ರ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಅದೇ ಪೆನಾಲ್ಟಿ ಕೈಕೊಟ್ಟಿತು. ಒಂಬತ್ತು ತಿಂಗಳೂ ಕಳೆಯಲಿಲ್ಲ; ಡಿಸೆಂಬರ್ 8ರಂದು ಕಂಠೀರವದಲ್ಲಿ ಮುಂಬಯಿ ಸಿಟಿ 4-0ಯಿಂದ ಗೆದ್ದಿತು, ಮರುದಿನ ಗ್ರೇಸನ್ ಹುದ್ದೆ ಕಳೆದುಕೊಂಡರು. ಗೆದ್ದೆತ್ತಿನ ಬಾಲ ಹಿಡಿಯುವವರು ಬಹಳ, ಸೋತ ಎತ್ತಿಗೆ ಹುಲ್ಲು ಹಾಕುವವರು ವಿರಳ.

ಕಪ್ಪಿಲ್ಲದವರ ಸಾಧನೆ

ಗ್ರೇಸನ್ ಅವರ ಸ್ಥಾನಕ್ಕೆ 2023ರ ಡಿಸೆಂಬರ್‌ನಲ್ಲಿ ಬಂದವರು ಸ್ಪೇನ್‌ನ ಜೆರಾರ್ಡ್ ಜರಗೋಜಾ. ಕ್ವಾದ್ರತ್ ಅವರ ಬಳಗದಲ್ಲಿ ಸಹಾಯಕರಾಗಿದ್ದ ಇವರಿಗೆ ಬೆಂಗಳೂರು ಹೊಸದಾಗಿರಲಿಲ್ಲ. ಅರ್ಧ ದಾರಿಯಲ್ಲಿ ಬಂಡಿ ಹತ್ತಿದ ಅವರಿಗೆ ಆ ಸಾಲಿನಲ್ಲಿ ಹೆಚ್ಚೇನೂ ಮಾಡಲಾಗಲಿಲ್ಲ. 22 ಪಂದ್ಯಗಳಲ್ಲಿ 22 ಅಂಕ, 12 ತಂಡಗಳಲ್ಲಿ 10ನೇ ಸ್ಥಾನ. ಕ್ಲಬ್ಬಿನ ಅಷ್ಟರವರೆಗಿನ ಇತಿಹಾಸದಲ್ಲೇ ಅದು ಅತಿ ಕೆಳಗಿನ ಮೆಟ್ಟಿಲು.

ಆದರೆ 2024-25ರಲ್ಲಿ ಅದೇ ತಂಡ 38 ಅಂಕಗಳೊಂದಿಗೆ 3ನೇ ಸ್ಥಾನಕ್ಕೆ ಏರಿತು. ಸಾಲಿನ ಆರಂಭದಲ್ಲೇ ಮೋಹನ್ ಬಾಗಾನ್‌ನಂಥ ಬಲಾಢ್ಯ ತಂಡವನ್ನು 3-0ಯಿಂದ ಮಣಿಸಿತು. ನಾಕೌಟ್‌ನಲ್ಲಿ ಮುಂಬಯಿ ಸಿಟಿಗೆ 5-0 ಅಂತರದ ಸೋಲುಣಿಸಿ, ಹದಿನೈದು ತಿಂಗಳ ಹಿಂದಿನ 4-0ಯ ಸಾಲವನ್ನು ಬಡ್ಡಿ ಸಮೇತ ತೀರಿಸಿತು. ಸೆಮಿಫೈನಲ್‌ನಲ್ಲಿ ಗೋವಾ ಎದುರು ಛೆಟ್ರಿ ಕೊನೆಯ ಗಳಿಗೆಯಲ್ಲಿ ಬಾರಿಸಿದ ಗೋಲು ತಂಡವನ್ನು ಫೈನಲ್‌ಗೆ ಕೊಂಡೊಯ್ದಿತು. ನಲವತ್ತರ ಹರೆಯದಲ್ಲಿ ಛೆಟ್ರಿ ಆ ಸಾಲಿನಲ್ಲಿ 14 ಗೋಲು ಗಳಿಸಿದರು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೊದಲು ಮುನ್ನಡೆ ಪಡೆದ ಬೆಂಗಳೂರು ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನ್‌ಗೆ 1-2ರಿಂದ ಶರಣಾಯಿತು.

ಕಪ್ಪುಗಳನ್ನಷ್ಟೇ ಎಣಿಸಿದರೆ ಲೆಕ್ಕ ಸರಳ. 2024-25ರ ಅಂತ್ಯದವರೆಗೆ ಕ್ಲಬ್ ಗೆದ್ದ ಏಳು ಪ್ರಶಸ್ತಿಗಳಲ್ಲಿ ವೆಸ್ಟ್‌ವುಡ್ ಮೂರು, ರೋಕಾ ಎರಡು, ಕ್ವಾದ್ರತ್ ಮತ್ತು ಗ್ರೇಸನ್ ತಲಾ ಒಂದು. ಪೆಜ್ಜಾಯುವೋಲಿ ಮತ್ತು ಜರಗೋಜಾ ಅವರದು ಸೊನ್ನೆ. ಆದರೆ ಕೈಗೆ ಬಂದಾಗ ತಂಡ ಹೇಗಿತ್ತು, ಬಿಡುವಾಗ ಹೇಗಿತ್ತು ಎಂದು ಕೇಳಿದರೆ ಪಟ್ಟಿ ಬದಲಾಗುತ್ತದೆ. ವೆಸ್ಟ್‌ವುಡ್ ಇಲ್ಲದ್ದನ್ನು ಕಟ್ಟಿದರು. ರೋಕಾ ಕಟ್ಟಿದ್ದನ್ನು ಎತ್ತರಿಸಿದರು. ಕ್ವಾದ್ರತ್ ಅದಕ್ಕೆ ಕಳಶವಿಟ್ಟರು. ಹತ್ತನೆಯ ಸ್ಥಾನಕ್ಕೆ ಕುಸಿದಿದ್ದ ತಂಡವನ್ನು ಒಂದೇ ವರ್ಷದಲ್ಲಿ ಫೈನಲ್‌ವರೆಗೆ ತಂದ ಜರಗೋಜಾ ಅವರ ಕೆಲಸ ಮೊದಲಿನ ಮೂವರ ಪಕ್ಕದಲ್ಲಿ ನಿಲ್ಲಲು ಯೋಗ್ಯವಾದುದು ಎಂಬುದನ್ನು ತಳ್ಳಿಹಾಕುವಂತಿಲ್ಲ.

ಖಾಲಿ ಇರುವ ಒಂದು ಜಾಗ

ಇನ್ನೊಂದು ಮಾತು. 2013ರಿಂದ 2025ರವರೆಗೆ ಪೂರ್ಣಾವಧಿಗೆ ನೇಮಕಗೊಂಡ ಈ ಆರೂ ಮಂದಿ ವಿದೇಶೀಯರು: ಮೂವರು ಸ್ಪೇನಿನವರು, ಇಬ್ಬರು ಇಂಗ್ಲೆಂಡಿನವರು, ಒಬ್ಬರು ಜರ್ಮನಿಯವರು. ಕ್ವಾದ್ರತ್ ಹೋದಾಗ ನೌಷಾದ್ ಮೂಸಾ, ಗ್ರೇಸನ್ ಹೋದಾಗ ರೆನೆಡಿ ಸಿಂಗ್ ಹಂಗಾಮಿಯಾಗಿ ಹೊಣೆ ಹೊತ್ತರು. ಆದರೆ ಆ ಕುರ್ಚಿ ಅವರಿಗೆ ಉಳಿಯಲಿಲ್ಲ. ಇತ್ತ 2025ರ ಆಗಸ್ಟ್‌ನಲ್ಲಿ ಭಾರತ ತಂಡದ ತರಬೇತುದಾರರಾಗಿ ನೇಮಕಗೊಂಡ ಖಾಲಿದ್ ಜಮೀಲ್, ಇದೇ ನಗರದ ಮುಂಬಯಿ ಎಫ್‌ಸಿಯಲ್ಲಿ ವರ್ಷಗಟ್ಟಲೆ ತರಬೇತಿ ನೀಡಿ, 2017ರಲ್ಲಿ ಪುಟ್ಟ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟವರು. ಆ ಜೂನ್‌ನಲ್ಲಿ ಭಾರತವನ್ನು 1-0ಯಿಂದ ಸೋಲಿಸಿದ ಹಾಂಕಾಂಗ್ ತಂಡದ ತರಬೇತುದಾರರು ಯಾರೆಂದರೆ, ಬೆಂಗಳೂರಿನ ಅದೇ ವೆಸ್ಟ್‌ವುಡ್!

ಸಂತೋಷ್ ಟ್ರೋಫಿಯಲ್ಲಿ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ಬಳಿಕ ಕರ್ನಾಟಕ ಪ್ರಶಸ್ತಿ ಗೆದ್ದಿತು. ನಾಡಿನಲ್ಲಿ ಫುಟ್ಬಾಲ್ ಪ್ರತಿಭೆಗೆ ಬರವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 2025ರಲ್ಲಿ ಐಎಸ್‌ಎಲ್‌ನ ಭವಿಷ್ಯವೇ ತೂಗುಯ್ಯಾಲೆಯಲ್ಲಿದ್ದು, ಆಗಸ್ಟ್‌ನಲ್ಲಿ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳ ತಡೆಹಿಡಿಯುವ ಸ್ಥಿತಿ ಬಂದಾಗ, ಯಾವ ತರಬೇತುದಾರ ದೊಡ್ಡವರು ಎಂಬ ಚರ್ಚೆಗಿಂತ ಆಟ ನಡೆದರೆ ಸಾಕು ಎಂಬ ಪ್ರಾರ್ಥನೆಯೇ ದೊಡ್ಡದಾಯಿತು.

ಭಾಗವತರು ಬದಲಾಗುತ್ತಾರೆ, ಮೇಳ ಉಳಿಯಬೇಕು. ಹೊಸಬರನ್ನು ಹಳಬರೊಂದಿಗೆ ತೂಗುವಾಗ ಕೈಯಲ್ಲಿರುವ ಕಪ್ಪನ್ನು ನೋಡುವ ಮೊದಲು, ಅವರ ಕೈಗೆ ಬಂದ ತಂಡವನ್ನೂ ಅವರಿಗೆ ಸಿಕ್ಕ ಕಾಲವನ್ನೂ ನೋಡುವ ತಾಳ್ಮೆ ಅಭಿಮಾನಿಗಳಲ್ಲಿ ಮೂಡಲಿ. ಊರಿನಿಂದ ನೂರಾರು ಮೈಲಿ ದೂರವಿದ್ದರೂ, ನೀಲಿ ಅಂಗಿ ತೊಟ್ಟು ಅಂಧೇರಿಯ ಗ್ಯಾಲರಿಯಲ್ಲಿ ಕೂರುವ ಹೊರನಾಡ ಕನ್ನಡಿಗರು ಕೂಡ ಆ ಮೇಳದ ಸಭಿಕರೇ ಅಲ್ಲವೇ?